ಬೆಲ್ಟ್ ನಿಲ್ಲಿಸಿದ ಹುಡುಗಿ

"ಮಿಸ್ಟರ್ ಗ್ರೇಡಿ, ನಾನು ಹೊರಗೆ ಹೋಗ್ಬೇಕು."

"ಬೆಳಿಗ್ಗೆ ಹೋಗಿದ್ಯಲ್ಲ?"

"ಬಸುರಿ ಹೆಂಗಸು ಸರ್. ತಡ್ಕೊಳ್ಳಕ್ಕೆ ಆಗ್ತಿಲ್ಲ."

"ಬಸುರಿ ಮಾಡ್ದೋನು ನಾನಲ್ಲ. ಊಟದ ಗಂಟೆ ಹೊಡೀಲಿ, ಆಮೇಲೆ ಹೋಗು."

ಡೊರೀಥ ಮತ್ತೆ ಚಾಕು ಹಿಡಿದಳು. ಮೀನು ಬರುತ್ತಲೇ ಇತ್ತು. ತಲೆ ಹಾರಿಸಿ, ಚರ್ಮ ಸುಲಿದ ಮೀಸೆಮೀನು. ಬೆಲ್ಟು ಯಾರಿಗೂ ಕಾಯುವುದಿಲ್ಲ. ಕೈ ನಿಂತರೆ ಮೀನು ರಾಶಿ ಬೀಳುತ್ತದೆ. ರಾಶಿ ಬಿದ್ದರೆ ಮೇಸ್ತ್ರಿ ಗ್ರೇಡಿ ಬರುತ್ತಾನೆ. ಚಾಕು ಹಿಡಿದು ಸಾಲಾಗಿ ನಿಂತವರೆಲ್ಲ ಕರಿಯ ಹೆಂಗಸರು. ತಲೆಗೆ ಬಲೆ, ಕಾಲಿಗೆ ಬಿಳಿ ರಬ್ಬರ್ ಬೂಟು, ಮಣಿಕಟ್ಟಿಗೆ ಬಿಗಿದು ಸುತ್ತಿದ ಬಟ್ಟೆ. ಕಾಲಡಿಯಲ್ಲಿ ಮಂಜುಗಡ್ಡೆಯ ನೀರು ಮತ್ತು ರಕ್ತ. ಮಿಸಿಸಿಪಿಯ ಡೆಲ್ಟಾ ಬಯಲಲ್ಲಿ ಹತ್ತಿ ಬಿಡಿಸುವ ಕೆಲಸ ಯಂತ್ರಕ್ಕೆ ಹೋದಮೇಲೆ ಹೆಂಗಸರಿಗೆ ಉಳಿದದ್ದು ಸ್ಟ್ರಿಕ್ಲಿನ್‌ನ ಮೀನಿನ ಕಾರ್ಖಾನೆ ಒಂದೇ.

ಕಿಯಾನ ಬೆಲ್ಟಿನ ತುದಿಯಲ್ಲಿ ನಿಂತು ಮೀನಿನ ತುಂಡುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಹದಿನೇಳು ವರ್ಷದವಳು. ಶಾಲೆಯ ಕೊನೆಯ ವರ್ಷ. ಶನಿವಾರಗಳಲ್ಲಿ, ರಜೆಗಳಲ್ಲಿ ಇಲ್ಲಿ ಕೆಲಸ. ಅವಳ ಅವ್ವ ಅರ್ಲೀನ್ ಅದೇ ಬೆಲ್ಟಿಗೆ, ಡೊರೀಥಳ ಪಕ್ಕದಲ್ಲೇ ನಿಲ್ಲುತ್ತಿದ್ದಳು.

ಡೊರೀಥಳ ಬಿಳಿ ಪ್ಯಾಂಟು ತೊಡೆಯಿಂದ ಕೆಳಗೆ ಬಣ್ಣ ಬದಲಿಸುವುದು ಕಿಯಾನಳ ಕಣ್ಣಿಗೆ ಬಿತ್ತು. ಚಳಿ ಕೊರೆಯುವ ನೆಲದ ಮೇಲೆ ಸಣ್ಣಗೆ ಹಬೆ ಎದ್ದಿತು. ಡೊರೀಥ ತಲೆ ತಗ್ಗಿಸಿಕೊಂಡು ಅಳುತ್ತಿದ್ದಳು. ಕೈ ಮಾತ್ರ ನಿಂತಿರಲಿಲ್ಲ. ಕುಯ್ಯುತ್ತಲೇ ಇದ್ದಳು.

ಗ್ರೇಡಿಯೂ ನೋಡಿದ. ನೆಲ ತೊಳೆಯುವ ಪೈಪು ಎಳೆದುಕೊಂಡು ಬಂದ. ಆ ತಣ್ಣೀರನ್ನು ಅವಳ ಕಾಲಿಗೆ, ಸೊಂಟಕ್ಕೆ ಬಿಟ್ಟ.

"ತಗೊ. ಶುದ್ಧ ಆಯ್ತು. ಕೆಲ್ಸ ನೋಡು."

ಕಿಯಾನ ತಟ್ಟೆ ಕೆಳಗಿಟ್ಟಳು. ಗೋಡೆಯ ಕೆಂಪು ಗುಂಡಿಯ ಹತ್ತಿರ ನಡೆದಳು. ಯಾರದಾದರೂ ಕೈ ಸಿಕ್ಕಿಹಾಕಿಕೊಂಡಾಗ ಮಾತ್ರ ಒತ್ತುವ ಗುಂಡಿ ಅದು. ಅಂಗೈಯಿಟ್ಟು ಗುದ್ದಿದಳು.

ಬೆಲ್ಟು ನಿಂತಿತು. ತಲೆ ಹಾರಿಸುವ ಗರಗಸ ನಿಂತಿತು. ನೀರು ತೊಟ್ಟಿಕ್ಕುವ ಸದ್ದು ಮೊದಲ ಸಲ ಎಲ್ಲರಿಗೂ ಕೇಳಿಸಿತು.

"ಯಾವಳೇ ನಿಲ್ಸಿದ್ದು?"

"ನಾನು."

"ಯಾರ್ದಾದ್ರೂ ಕೈ ಹೋಯ್ತಾ?"

"ಇಲ್ಲ. ಡೊರೀಥ ಹೊರಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬರ್ಲಿ. ಅಲ್ಲೀವರ್ಗೂ ಇದು ಓಡಲ್ಲ."

ಆಮೇಲೆ ಅವಳು ಹೆಂಗಸರ ಕಡೆ ತಿರುಗಿದಳು. ಶಾಲೆಯ ಮೈದಾನದಲ್ಲಿ ಕೆಡೆಟ್‌ಗಳಿಗೆ ಕೂಗುವ ದನಿಯಲ್ಲೇ ಕೂಗಿದಳು. "ಚಾಕು ಕೆಳಗಿಡಿ."

ಒಬ್ಬಳು ಇಟ್ಟಳು. ಪಕ್ಕದವಳು ಇಟ್ಟಳು. ಉಕ್ಕಿನ ಮೇಜಿನ ಮೇಲೆ ಚಾಕುಗಳು ಬೀಳುವ ಸದ್ದು ಸಾಲಿನುದ್ದಕ್ಕೂ ಹೋಯಿತು. ಕೊನೆಯವರೆಗೂ ಚಾಕು ಹಿಡಿದು ನಿಂತವಳು ಅರ್ಲೀನ್. ಮಗಳನ್ನು ನೋಡಿದಳು. ಗ್ರೇಡಿಯನ್ನು ನೋಡಿದಳು. ಕಡೆಗೆ ಅವಳೂ ಇಟ್ಟಳು.

ಡೊರೀಥ ಹೋಗಿ ಬಂದಳು. ಕಿಯಾನಳನ್ನು ಮಧ್ಯಾಹ್ನಕ್ಕೆ ಮೊದಲೇ ಗೇಟಿನಿಂದಾಚೆ ಹಾಕಿದರು. ಮರುವಾರ ಡೊರೀಥಳನ್ನೂ ಹಾಕಿದರು.

*

ಕಿಯಾನಳಿಗೆ ಸೈನ್ಯದಲ್ಲಿ ಅಧಿಕಾರಿಯಾಗಬೇಕಿತ್ತು. ಬರೀ ಸಿಪಾಯಿಯಲ್ಲ, ಅಧಿಕಾರಿ.

ಆ ಊರಿಗೆ ಸೈನ್ಯ ಹೊಸದೇನಲ್ಲ. ಮಂಗಳವಾರ ಬಂದರೆ ಸೈನ್ಯಕ್ಕೆ ಸೇರಿಸುವವರು ಶಾಲೆಯ ಊಟದ ಕೋಣೆಯ ಬಾಗಿಲಲ್ಲಿ ಮೇಜು ಹಾಕುತ್ತಿದ್ದರು. ಪೆನ್ನು, ಟೋಪಿ ಹಂಚುತ್ತಿದ್ದರು. ಹುಡುಗರು ಸಹಿ ಹಾಕಿ ಹೋಗುತ್ತಿದ್ದರು. ಕೆಲವರು ವಾಪಸು ಬಂದು ಪೆಟ್ರೋಲ್ ಬಂಕಿನಲ್ಲಿ ನಿಂತರು. ಕೆಲವರು ಬರಲೇ ಇಲ್ಲ. ಆದರೆ ಕಾಲೇಜು ಓದಿಗೆ ಸೈನ್ಯವೇ ಹಣ ಕೊಟ್ಟು, ಓದಿನ ಜೊತೆಗೇ ತರಬೇತಿ ಕೊಟ್ಟು, ಅಧಿಕಾರಿಯಾಗಿ ಮಾಡುವ ವಿದ್ಯಾರ್ಥಿವೇತನ ಒಂದಿದೆ ಅಂತ ಆ ಮೇಜಿನವರು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಬಿಳಿಯರ ಮಕ್ಕಳು ಓದುವ ಖಾಸಗಿ ಶಾಲೆ ಹೆದ್ದಾರಿಯ ಆಚೆ ಇತ್ತು. ವಿದ್ಯಾರ್ಥಿವೇತನದ ಬಗ್ಗೆ ಹೇಳುವುದೆಲ್ಲ ಅಲ್ಲಿ. ಇಲ್ಲಿ ಟೋಪಿ ಮಾತ್ರ.

ಕಿಯಾನ ಅದನ್ನು ಲೈಬ್ರರಿಯಲ್ಲಿ ತಾನೇ ಹುಡುಕಿಕೊಂಡಳು. ಶಾಲೆಯ ಕೆಡೆಟ್ ಪಡೆಗೆ ಅವಳೇ ನಾಯಕಿ. ಕಲಿಸುವವರು ಸಾರ್ಜೆಂಟ್ ಟಾಲಿವರ್, ಸೈನ್ಯದಿಂದ ನಿವೃತ್ತರಾದ ಕರಿಯ ಮನುಷ್ಯ. ಅವರಿಗೆ ಹೇಳಿದಾಗ ಅವರು ನಕ್ಕಿರಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ಸಿಪಾಯಿಯಾಗಿ ಸೇರ್ಕೊ ಮಗಳೇ. ನಾನೂ ಹಾಗೇ ಸೇರಿದ್ದು. ಹೊಟ್ಟೆಗೆ ಮೋಸ ಇಲ್ಲ."

"ನಿಮಗಿಂತ ಚಿಕ್ಕ ಹುಡುಗ್ರಿಗೆ ಸೆಲ್ಯೂಟ್ ಹೊಡೆದಿದ್ದೀರಾ ಸರ್?"

"ಸರ್ವೀಸೆಲ್ಲಾ ಅದೇ ತಾನೇ."

"ಯಾರಾದ್ರೂ ನಿಮ್ಮಷ್ಟು ತಿಳಿದೋರಿದ್ರಾ?"

ಸಾರ್ಜೆಂಟ್ ಮರುದಿನ ಬೆಳಿಗ್ಗೆ ಮೈದಾನಕ್ಕೆ ಬರಹೇಳಿದರು. ಅಂದಿನಿಂದ ಓಡಿಸಿದರು. ನದಿಯ ಏರಿಯ ಮೇಲೆ ಓಡಿಸಿದರು. ಕೈ ಊರಿ ದಂಡ ಹೊಡೆಸಿದರು. ತೋಳು ನಡುಗಿ ಮುಖ ಮಣ್ಣಿಗೆ ಬಿದ್ದರೆ, "ಏಳು. ಬೀಳೋದು ಎಲ್ರಿಗೂ ಬರತ್ತೆ" ಅಂದರು. ಸುಸ್ತಾಗಿ ಕೂತಾಗ ಪಾಠ ಹೇಳಿದರು. "ಅಧಿಕಾರಿ ಊಟಕ್ಕೆ ಕೊನೇಲಿ ಕೂರ್ಬೇಕು. ತನ್ನ ಜನ ಉಂಡ ಮೇಲೆ. ನಾನು ನೋಡಿದ ಒಳ್ಳೇ ಅಧಿಕಾರಿಗಳೆಲ್ಲ ಹಾಗೇ ಇದ್ರು. ಇನ್ನುಳಿದೋರು ಬರೀ ಬಟ್ಟೆ ಹಾಕ್ಕೊಂಡಿದ್ರು."

ಈಗ ಅದೇ ಸಾರ್ಜೆಂಟ್ ಅವಳ ಮನೆ ಬಾಗಿಲಿಗೆ ಬಂದರು. ಅರ್ಲೀನ್ ಅಡಿಗೆಮನೆಯಲ್ಲಿ ಬಿಸಿನೀರಿನ ಬೋಗುಣಿಗೆ ಎರಡೂ ಕೈ ಅದ್ದಿ ಕೂತಿದ್ದಳು. ಮೀನು ಕುಯ್ದು ಕುಯ್ದು ಅವಳ ಬೆರಳು ಸಂಜೆಗೆ ಮರಗಟ್ಟುತ್ತಿದ್ದವು. ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು.

ಸಾರ್ಜೆಂಟ್ ನಿಂತೇ ಮಾತಾಡಿದರು. "ಸ್ಟ್ರಿಕ್ಲಿನ್ ಹೇಳಿ ಕಳ್ಸಿದಾನೆ."

"ಏನಂತೆ ಆ ದೊರೆದು?" ಅಂದಳು ಅರ್ಲೀನ್.

"ಹುಡುಗಿ ಸ್ಕಾಲರ್‌ಶಿಪ್‌ಗೆ ಹಾಕಿದಾಳೆ ಅಂತ ಗೊತ್ತಾಗಿದೆ. ಕೆಲ್ಸದಿಂದ ಯಾಕೆ ತೆಗೆದ್ರು ಅಂತ ಸೈನ್ಯದೋರು ಕೇಳೇ ಕೇಳ್ತಾರೆ. ಶಿಸ್ತಿಲ್ಲ, ಮಾತು ಕೇಳಲ್ಲ ಅಂತ ಒಂದ್ಸಾಲು ಬರೆದ್ರೆ ಮುಗೀತು. ಬರಿಯಲ್ಲ ಅಂದಿದಾನೆ. ಒಳ್ಳೇ ಹುಡುಗಿ ಅಂತ ಬರೀತಾನಂತೆ. ರಾಜಧಾನೀಲಿರೋ ಅವನ ಸ್ನೇಹಿತ್ರ ಹತ್ರಾನೂ ಹೇಳಿಸ್ತಾನಂತೆ."

"ಸುಮ್ಸುಮ್ನೆ?"

"ಗ್ರೇಡಿ ಹತ್ರ ತಪ್ಪಾಯ್ತು ಅನ್ಬೇಕು. ಸಾಲಿನ ಮುಂದೆ, ಎಲ್ರೂ ನೋಡೋ ಹಾಗೆ." ಸಾರ್ಜೆಂಟ್ ಗಂಟಲು ಸರಿಮಾಡಿಕೊಂಡರು. "ಇನ್ನೊಂದಿದೆ. ಡೊರೀಥ ಲೇಬರ್ ಆಫೀಸಿಗೆ ದೂರು ಕೊಟ್ಟಿದಾಳಲ್ಲ. ಸಾಕ್ಷಿಗೆ ಇವಳ ಹೆಸರೇ ಹೇಳಿದಾಳೆ. ಆವತ್ತು ಡೊರೀಥ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ ಅಂದ್ಬಿಟ್ರೆ ಸಾಕು."

ಕಿಯಾನ ಗೋಡೆಗೆ ಒರಗಿ ನಿಂತಿದ್ದಳು. "ನೀರು ಬಿಟ್ಟಿದ್ದು?"

"ಅದೂ ನೋಡಲಿಲ್ಲ ಅನ್ನು."

"ನೀವೇನಂತೀರಿ ಸರ್?"

"ನಾನೇನೂ ಹೇಳಲ್ಲ. ಹೇಳು ಅಂದ್ರು, ಹೇಳ್ದೆ." ಅವರು ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಅವಳ ಮುಖ ನೋಡಲಿಲ್ಲ.

ಬಾಗಿಲು ಹಾಕಿಕೊಂಡ ಮೇಲೆ ಅರ್ಲೀನ್ ಬೋಗುಣಿಯಿಂದ ಕೈ ತೆಗೆಯಲಿಲ್ಲ.

"ಅಂದ್ಬಿಡು ಕಣೆ."

"ಅವ್ವಾ!"

"ಏನ್ ಅವ್ವಾ? ತಪ್ಪಾಯ್ತು ಅಂದ್ರೆ ನಾಲಗೆ ಬಿದ್ದೋಗತ್ತಾ? ನಾನು ದಿನಾ ಅಂತೀನಿ. ಮೀನು ದಪ್ಪ ಕುಯ್ದೆ, ತಪ್ಪಾಯ್ತು. ತೆಳ್ಳಗೆ ಕುಯ್ದೆ, ತಪ್ಪಾಯ್ತು. ಕೆಮ್ಮಿದೆ, ತಪ್ಪಾಯ್ತು. ನೀನು ಹುಟ್ಟೋಕೆ ಮುಂಚಿಂದ ನಿಂತಿದೀನಿ ಆ ನೀರಲ್ಲಿ. ಯಾತಕ್ಕೆ ನಿಂತೆ? ನೀನು ಬಂದು ಪಕ್ಕದಲ್ಲಿ ನಿಲ್ಲಲಿ ಅಂತಾನಾ?"

"ಡೊರೀಥಂಗೆ ಏನು ಹೇಳ್ಲಿ?"

"ಡೊರೀಥ ನಿನ್ನ ಹೆತ್ತಳಾ?"

ಕಿಯಾನಳ ಕಣ್ಣು ಕೆಂಪಾಯಿತು. "ಆವತ್ತು ಆ ಪೈಪು ನಿನ್ನ ಕಡೆ ತಿರುಗಿದ್ರೆ, ಪಕ್ಕದಲ್ಲಿರೋಳು ನೋಡಲಿಲ್ಲ ಅಂದಿದ್ರೆ?"

ಅರ್ಲೀನ್ ಮೆಲ್ಲಗೆ ಅಂದಳು, "ತಿರುಗಿಲ್ಲ ಅಂದ್ಕೊಂಡ್ಯಾ? ನೀನು ಹೊಟ್ಟೇಲಿದ್ದೆ."

ಒಲೆಯ ಮೇಲೆ ಸೊಪ್ಪು ತಳ ಹತ್ತಿತು.

ಸೋಮವಾರ ಶಾಲೆ ಬಿಟ್ಟಮೇಲೆ ಕಿಯಾನ ಬಸ್ಸು ಹತ್ತಿ ಲೇಬರ್ ಆಫೀಸಿಗೆ ಹೋದಳು. ನೋಡಿದ್ದನ್ನು ನೋಡಿದ ಹಾಗೆ ಹೇಳಿ ಸಹಿ ಹಾಕಿದಳು. ಬರೆದುಕೊಳ್ಳುವ ಗುಮಾಸ್ತ, "ಮೂತ್ರ ಅಂತಾನೇ ಬರೀಬೇಕಾ?" ಎಂದು ಮುಖ ಹಿಂಡಿದ.

"ಬೇರೆ ಏನಂತೀರಿ ಅದಕ್ಕೆ?" ಅಂದಳು.

ಸ್ಟ್ರಿಕ್ಲಿನ್ ತಾನು ಬರೆಯುವುದನ್ನು ಬರೆದ.

*

ಸಂದರ್ಶನ ದೂರದ ವಿಶ್ವವಿದ್ಯಾಲಯದಲ್ಲಿತ್ತು. ಆ ಬೆಳಿಗ್ಗೆ ಅರ್ಲೀನ್ ಮಗಳ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಇಸ್ತ್ರಿಪೆಟ್ಟಿಗೆ ಒಂದು ಕೈಯಲ್ಲಿ ನಿಲ್ಲದೆ ಎರಡೂ ಕೈಯಲ್ಲಿ ಒತ್ತಿದಳು. ಕೆಲಸಕ್ಕೆ ರಜೆ ಹಾಕಿ ಹಳೆಯ ಕಾರನ್ನು ತಾನೇ ಓಡಿಸಿದಳು. ಇಕ್ಕೆಲದಲ್ಲೂ ಮೀನಿನ ಕೊಳಗಳು, ಆಮೇಲೆ ಹತ್ತಿಯ ಹೊಲ, ಆಮೇಲೆ ಗುಡ್ಡ. ದಾರಿಯುದ್ದಕ್ಕೂ ರೇಡಿಯೊದಲ್ಲಿ ಪಾದ್ರಿಯೊಬ್ಬ ಕೂಗುತ್ತಲೇ ಇದ್ದ.

ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಕರ್ನಲ್. ಒಂದು ಪಕ್ಕ ಸಮವಸ್ತ್ರದ ಹೆಂಗಸು, ಕ್ಯಾಪ್ಟನ್. ಇನ್ನೊಂದು ಪಕ್ಕ ಕೋಟು ತೊಟ್ಟ ಪ್ರೊಫೆಸರ್. ಓಟ ಚೆನ್ನಾಗಿದೆ ಅಂದರು. ಅಂಕ ಚೆನ್ನಾಗಿದೆ ಅಂದರು. ಪ್ರೊಫೆಸರ್ ಕನ್ನಡಕ ಏರಿಸಿಕೊಂಡ.

"ಒಳ್ಳೇ ಗಟ್ಟಿಮುಟ್ಟಾದ ಹುಡುಗಿ ನೀನು. ಮೊದಲು ಸಿಪಾಯಿಯಾಗಿ ಸೇರಬಹುದಲ್ಲ? ನಿಮ್ಮ ಕಡೆಯವರು ತುಂಬಾ ಜನ ಹಾಗೇ ಬರ್ತಾರೆ."

"ನಮ್ಮ ಕಡೆಯವರು ಅಂದ್ರೆ ಯಾರು ಸರ್?"

ಅವನು ಕೆಮ್ಮಿದ. "ಡೆಲ್ಟಾ ಕಡೆಯವರು ಅಂದೆ."

"ಡೆಲ್ಟಾದಲ್ಲಿ ಬಿಳಿಯರೂ ಇದಾರೆ ಸರ್. ಅವರನ್ನೂ ಇದೇ ಕೇಳ್ತೀರಾ?"

ಕ್ಯಾಪ್ಟನ್ ತಲೆ ಎತ್ತಿ ಅವಳನ್ನು ನೋಡಿದಳು. ಕರ್ನಲ್ ನಡುವೆ ಬಾಯಿ ಹಾಕಿದ.

"ಕೆಲಸದಿಂದ ತೆಗೆದಿದಾರೆ. ಅವಿಧೇಯತೆ ಅಂತ ಬರೆದಿದಾರೆ. ಏನಿದು?"

ಕಿಯಾನ ಹೇಳಿದಳು. ಡೊರೀಥ ಕೇಳಿದ್ದು, ಗ್ರೇಡಿ ಅಂದದ್ದು, ನೆಲದ ಮೇಲಿನ ಹಬೆ, ಪೈಪು. ಯಾವುದನ್ನೂ ಒರೆಸಿ ಹೇಳಲಿಲ್ಲ. ಪ್ರೊಫೆಸರ್ ಮೇಜು ನೋಡಿಕೊಂಡು ಕೂತ.

"ನಾಯಕತ್ವಕ್ಕೆ ಒಂದು ಉದಾಹರಣೆ ಕೊಡಿ ಅಂತ ಅರ್ಜೀಲಿ ಕೇಳಿದ್ರಲ್ಲ ಸರ್, ಅಲ್ಲೂ ಇದನ್ನೇ ಬರೆದಿದೀನಿ," ಅಂದಳು.

"ಇದು ನಾಯಕತ್ವ ಅಲ್ಲ," ಅಂದ ಕರ್ನಲ್. "ಮೇಲಿನವನು ಹೇಳಿದ. ನೀನು ಕೇಳಲಿಲ್ಲ. ಸೈನ್ಯದಲ್ಲಿ ಇಷ್ಟ ಇಲ್ಲ ಅಂತ ಬೆಲ್ಟು ನಿಲ್ಲಿಸಕ್ಕಾಗಲ್ಲ."

"ಇಷ್ಟ ಇಲ್ಲ ಅಂತ ನಿಲ್ಲಿಸ್ಲಿಲ್ಲ ಸರ್. ನೀವು ನಿಮ್ಮ ಸಿಪಾಯಿ ಮೇಲೆ ಹಾಗೆ ನೀರು ಬಿಡ್ತೀರಾ?"

"ನಾನು ಪ್ರಶ್ನೆ ಕೇಳ್ತಿದೀನಿ."

"ಬಿಡಲ್ಲ ಅಲ್ವಾ ಸರ್? ಬಿಡಿ ಅಂತ ನಿಮ್ಮ ಮೇಲಿನವರು ಹೇಳಿದ್ರೂ ಬಿಡಲ್ಲ. ಅಧಿಕಾರಿ ತನ್ನ ಜನ ಉಂಡ ಮೇಲೆ ಉಣ್ಣಬೇಕು ಅಂತ ನಮ್ಮ ಸಾರ್ಜೆಂಟ್ ಹೇಳಿಕೊಟ್ರು. ಗ್ರೇಡಿಗೆ ಬೇರೆ ಪಾಯಿಖಾನೆ ಇತ್ತು ಸರ್. ಅವನದೇ ಬೀಗ. ಬೇಕಾದಾಗ ಹೋಗ್ತಿದ್ದ."

ಕರ್ನಲ್‌ನ ದನಿ ಇಳಿಯಿತು. ಒಳ್ಳೆಯ ಮಾತಿನಂತೆಯೇ ಹೇಳಿದ. "ನೋಡಮ್ಮ, ಆವತ್ತು ದುಡುಕಿದೆ, ಈಗ ಬೇಜಾರಿದೆ ಅಂತ ಎರಡು ಸಾಲು ಬರೆದುಕೊಡು. ನಮ್ಮ ಕೆಲಸ ಸುಲಭ ಆಗತ್ತೆ. ನಿನ್ನದೂ ಆಗತ್ತೆ."

ಅವಳಿಗೆ ಅವ್ವನ ಮಾತು ಕಿವಿಯಲ್ಲಿ ಕೇಳಿಸಿತು. ಅಂದ್ಬಿಡು ಕಣೆ. ಎರಡು ಸಾಲು. ಆಮೇಲೆ ಆ ಕೊರೆಯುವ ನೀರಿಲ್ಲ, ಆ ವಾಸನೆಯಿಲ್ಲ. ಬೆವರಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಬೇಜಾರಿದೆ ಸರ್."

"ಹಾಂ. ಅಷ್ಟೇ ಬರಿ."

"ಡೊರೀಥ ಕೇಳಿದಾಗ್ಲೇ ನಿಲ್ಲಿಸ್ಬೇಕಿತ್ತು. ತಡ ಮಾಡ್ದೆ. ಅದಕ್ಕೆ ಬೇಜಾರಿದೆ. ಬೇಕಾದ್ರೆ ಅದನ್ನ ಬರೀತೀನಿ."

ಹೊರಗೆ ಬಂದಾಗ ಅರ್ಲೀನ್ ಕಾರಿಗೆ ಒರಗಿ ನಿಂತಿದ್ದಳು.

"ಕೇಳಿದ್ರಾ?"

"ಕೇಳಿದ್ರು."

"ಹೇಳ್ದ್ಯಾ?"

"ಎಲ್ಲಾ ಹೇಳ್ದೆ."

ಅರ್ಲೀನ್ ಕಾರಿನ ಬಾಗಿಲು ತೆಗೆದಳು. "ಹಸಿವಾಗಿರ್ಬೇಕು. ಹತ್ತು, ಏನಾದ್ರೂ ತಿನ್ನೋಣ."

*

ಮೊದಲ ಸುತ್ತಿನಲ್ಲಿ ಆಗಲಿಲ್ಲ ಅಂತ ಪತ್ರ ಬಂತು. ಚಳಿಗಾಲದ ಸುತ್ತಿನಲ್ಲಿ ಮತ್ತೆ ಅರ್ಜಿ ಕಳಿಸಬಹುದಿತ್ತು. ಸಾರ್ಜೆಂಟ್ ಅವಳನ್ನು ತರಗತಿಯಲ್ಲಿ ಕೂರಿಸಿಕೊಂಡರು. "ಆ ನಾಯಕತ್ವದ್ದು ಬದಲಾಯಿಸು. ಕೆಡೆಟ್ ಪಡೆ ಬಗ್ಗೆ ಬರಿ. ಚರ್ಚಿನ ಬಗ್ಗೆ ಬರಿ. ಅದೂ ನಿಜಾನೇ ತಾನೇ?"

"ನಿಜಾನೇ ಸರ್."

"ಮತ್ತೆ?"

"ಅದನ್ನ ಬರೆದ್ರೆ ಇದು ತಪ್ಪು ಅಂತ ಒಪ್ಪಿಕೊಂಡ ಹಾಗೆ. ನಿಮ್ಮ ಕೈಲಾದ್ರೆ ಒಂದು ಕೆಲಸ ಮಾಡಿ. ಆವತ್ತು ಅವನ ಮಾತು ತಂದ್ರಲ್ಲ, ಈಗ ನಿಮ್ಮದೊಂದು ಮಾತು ಬರೀರಿ."

ಸಾರ್ಜೆಂಟರ ಮುಖ ಸಣ್ಣದಾಯಿತು. ಅವರು ಅವಳ ಎದುರಿಗೇ ಕೂತು ಬರೆದರು. ಏನು ಬರೆದರೋ ತೋರಿಸಲಿಲ್ಲ. ಚಾಕುಸಾಲಿನ ಹೆಂಗಸರು ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರಿ ತಾವೂ ಒಂದು ಪತ್ರ ಬರೆದರು. ಆ ಹುಡುಗಿ ಚಾಕು ಕೆಳಗಿಡಿ ಅಂದಳು, ನಾವು ಇಟ್ಟೆವು, ಇನ್ನೊಮ್ಮೆ ಅಂದರೂ ಇಡುತ್ತೇವೆ ಅಂತ ಬರೆದು ಎಲ್ಲರೂ ಹೆಸರು ಹಾಕಿದರು. ಹೆಸರು ಹಾಕಿದ್ದಕ್ಕೆ ಕೆಲಸ ಹೋಗಬಹುದು ಅಂತ ಅವರಿಗೆ ಗೊತ್ತಿತ್ತು. ಅರ್ಲೀನ್ ಸಹಿ ಹಾಕಲಿಲ್ಲ. ತಾಯಿ ಹಾಕಿದರೆ ಲೆಕ್ಕಕ್ಕಿಲ್ಲ ಅಂದಳು.

ವಸಂತದಲ್ಲಿ ಸ್ಕಾಲರ್‌ಶಿಪ್ ಬಂತು. ಯಾರು ಯಾರಿಗೆ ಏನು ಹೇಳಿದರೋ ಕಿಯಾನಳಿಗೆ ಗೊತ್ತಾಗಲಿಲ್ಲ. ಡೊರೀಥಳ ದೂರಿಗೂ ಉತ್ತರ ಬಂತು. ಕಂಪನಿ ದಂಡ ಕಟ್ಟಬೇಕು ಎಂದಿತ್ತು. ಡೊರೀಥಳನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಗ್ರೇಡಿ ಅಲ್ಲೇ ಇದ್ದ. ಹೊರಗೆ ಹೋಗುವುದಕ್ಕೆ ಈಗಲೂ ಅವನನ್ನೇ ಕೇಳಬೇಕಿತ್ತು.

*

ಶಾಲೆಯ ಬಹುಮಾನದ ಸಮಾರಂಭಕ್ಕೆ ಊರೇ ಬಂದಿತ್ತು. ಚಾಕುಸಾಲಿನ ಹೆಂಗಸರು ಕೆಲಸ ಮುಗಿಸಿ ಹಾಗೇ ಬಂದು ಹಿಂದೆ ಕೂತಿದ್ದರು. ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ ಅವರೊಂದಿಗೇ ಬಂದಿತ್ತು. ಡೊರೀಥ ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದಳು. ಸಂದರ್ಶನದ ಕ್ಯಾಪ್ಟನ್ ಸಮವಸ್ತ್ರದಲ್ಲಿ ಬಂದು ವೇದಿಕೆಯ ಮೇಲಿದ್ದಳು. ಅವಳ ಪಕ್ಕ ಸ್ಟ್ರಿಕ್ಲಿನ್. ಸಭಾಂಗಣದ ಹೊಸ ಚಾವಣಿ ಅವನು ಮಾಡಿಸಿಕೊಟ್ಟದ್ದು. ಹಾಗಾಗಿ ಎಲ್ಲ ಬಹುಮಾನಗಳನ್ನೂ ಅವನ ಕೈಯಿಂದಲೇ ಕೊಡಿಸುತ್ತಿದ್ದರು.

ಕಿಯಾನಳ ಹೆಸರು ಕೂಗಿದರು. ಅವಳು ಕೆಡೆಟ್ ಉಡುಪಿನಲ್ಲಿ ಹತ್ತಿದಳು. ಸ್ಟ್ರಿಕ್ಲಿನ್ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಹಿಡಿದು ಮೈಕಿನ ಮುಂದೆ ಬಂದ. ಪತ್ರಿಕೆಯ ಫೋಟೋದವನು ಮುಂದೆ ಮಂಡಿಯೂರಿದ.

"ಈ ಹುಡುಗಿ ನಮ್ಮ ಮನೆಮಗಳು," ಅಂದ ಸ್ಟ್ರಿಕ್ಲಿನ್. "ದುಡಿಮೆ ಏನು ಅಂತ ಕಲಿತಿದ್ದು ನಮ್ಮ ಕಾರ್ಖಾನೇಲೇ."

ಚೌಕಟ್ಟು ಮುಂದೆ ಚಾಚಿದ. ಕಿಯಾನ ನೆಟ್ಟಗೆ ನಿಂತಿದ್ದಳು. ಎರಡೂ ಕೈ ಪಕ್ಕಕ್ಕೆ ಅಂಟಿದ್ದವು.

"ಕೈ ಚಾಚೇ," ಅಂದರು ಹೆಡ್‌ಮಾಸ್ಟರ್ ಹಲ್ಲು ಕಚ್ಚಿ.

"ಇವರ ಕೈಯಿಂದ ತಗೊಳ್ಳಲ್ಲ ಸರ್."

ಮೈಕು ಹತ್ತಿರವಿತ್ತು. ಸಭಾಂಗಣದ ಕೊನೆಯವರೆಗೂ ಕೇಳಿಸಿತು.

ಸ್ಟ್ರಿಕ್ಲಿನ್ ನಗುತ್ತಲೇ ಇದ್ದ. ಚೌಕಟ್ಟು ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಕ್ಯಾಪ್ಟನ್ ಎದ್ದಳು. ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ಕಿಯಾನಳ ಮುಂದೆ ಬಂದು ನಿಂತು ಕೊಟ್ಟಳು. ಕಿಯಾನ ಸೆಲ್ಯೂಟ್ ಹೊಡೆದು ತೆಗೆದುಕೊಂಡಳು. ಮುಂದಿನ ಸಾಲಿನಲ್ಲಿ ಸಾರ್ಜೆಂಟ್ ಟಾಲಿವರ್ ಎದ್ದು ನಿಂತಿದ್ದರು.

ಸ್ಟ್ರಿಕ್ಲಿನ್ ಮೈಕಿಗೆ ಬಾಗಿದ. "ಹುಡುಗಿಗೆ ಕೊಬ್ಬು ಸ್ವಲ್ಪ ಜಾಸ್ತಿ," ಅಂದ. ಮುಂದೆ ಕೂತ ಕೆಲವರು ನಕ್ಕರು. "ಯಾರಿಂದ ಬಂತೋ!"

"ನನ್ನಿಂದ."

ಹಿಂದಿನ ಸಾಲಿನಲ್ಲಿ ಅರ್ಲೀನ್ ಎದ್ದು ನಿಂತಿದ್ದಳು. ಕಾಲಲ್ಲಿ ಇನ್ನೂ ಬಿಳಿ ಬೂಟು. ಕುರ್ಚಿಯ ಬೆನ್ನು ಹಿಡಿಯಲು ಹೋದ ಬೆರಳು ಮಡಿಚಲಿಲ್ಲ. ಅಂಗೈಯನ್ನೇ ಅದರ ಮೇಲಿಟ್ಟಳು.

"ನನ್ನಿಂದ ಬಂತು ಮಿಸ್ಟರ್ ಸ್ಟ್ರಿಕ್ಲಿನ್. ತಡವಾಗಿ ಬಂತು ಅಷ್ಟೆ. ನಾಳೆ ನಾನು ಕೆಲಸಕ್ಕೆ ಬರ್ತೀನಿ. ಮೀನು ಕುಯ್ತೀನಿ. ಹೋಗ್ಬೇಕು ಅನಿಸ್ದಾಗ ಚಾಕು ಕೆಳಗಿಟ್ಟು ಹೋಗಿ ಬರ್ತೀನಿ. ಯಾರನ್ನೂ ಕೇಳಲ್ಲ. ಗ್ರೇಡಿಗೆ ಹೇಳಿರಿ."

ಅವಳ ಎಡಕ್ಕಿದ್ದವಳು ಎದ್ದಳು. "ನಂದೂ ಹೇಳಿರಿ," ಅಂದಳು.

ಅವಳ ಹಿಂದೆ ಇನ್ನೊಬ್ಬಳು ಎದ್ದಳು.